ತಂತಿ ಮಾಮನಿಗೊಂದು ಡಬ್ಬಿ

ಅತ್ತೆಯ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಬಗೆಯ ಜನ: ಊಟ ಆದವರು, ಊಟ ಆಗದವರು. ಮೊದಲನೆಯವರ ಹತ್ತಿರ ಕೆಲಸ ಆಗುತ್ತದೆ, ಎರಡನೆಯವರ ಹತ್ತಿರ ಆಗುವುದಿಲ್ಲ. ಇದು ಅವರ ನಂಬಿಕೆಯಲ್ಲ, ಅನುಭವ. ಮನೆಯ ಹಿಂದಿನ ಕೋಣೆಯಲ್ಲಿ ದೊಡ್ಡ ಒಲೆಗಳನ್ನಿಟ್ಟುಕೊಂಡು ಸುತ್ತಲಿನ ಕಚೇರಿ, ಅಂಗಡಿ, ಗ್ಯಾರೇಜುಗಳಿಗೆ ಮಧ್ಯಾಹ್ನದ ಡಬ್ಬಿ ಕಳಿಸುತ್ತಾ ಬಂದ ಹೆಂಗಸು ಅವರು. ಮನೆಗೆ ನಲ್ಲಿ ಬಂದದ್ದು ನೀರಿನ ಕಚೇರಿಯ ಗುಮಾಸ್ತನಿಗೆ ಕಳಿಸಿದ ಡಬ್ಬಿಯಿಂದ. ಮಗನಿಗೆ ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿದ್ದು ಅಲ್ಲಿನ ಸೂಪರ್‌ವೈಸರಿಗೆ ಹುರಿದ ಆಲೂಗಡ್ಡೆ ಎಂದರೆ ಪ್ರಾಣ ಎಂದು ಗೊತ್ತಿದ್ದರಿಂದ. ಹೀಗಾಗಿ, ಆಸ್ಪತ್ರೆಯ ಯಂತ್ರವೊಂದು ತಮ್ಮ ಮೊಮ್ಮಗಳ ಬಗ್ಗೆ ಏನನ್ನೋ ತಿಳಿದುಕೊಂಡು ಬಾಯಿ ಮುಚ್ಚಿ ಕೂತಿದೆ ಎಂದು ಗೊತ್ತಾದ ದಿನ, ಅತ್ತೆ ಮೊದಲು ಯೋಚಿಸಿದ್ದು ಆ ಯಂತ್ರದ ಹತ್ತಿರ ಕೆಲಸ ಮಾಡುವವರಲ್ಲಿ ಊಟ ಆಗದವರು ಯಾರಿದ್ದಾರೆ ಎಂದು.

ಮೊಮ್ಮಗಳು ಎರಡು ತಿಂಗಳಿಗೂ ಹೆಚ್ಚು ಅವಸರ ಮಾಡಿ ಹುಟ್ಟಿದ್ದಳು. "ಉಪ್ಪಿನ ಚಿಟಿಕೆಯಷ್ಟಿದಾಳಲ್ಲೋ," ಎಂದು ಅತ್ತೆ ಮೊದಲ ದಿನ ಅಂದದ್ದೇ ಹೆಸರಾಗಿ ನಿಂತುಬಿಟ್ಟಿತು. ಚಿಟಿಕೆ ಆಸ್ಪತ್ರೆಯಲ್ಲಿ ಬೆಚ್ಚಗಿನ ಗಾಜಿನ ಪೆಟ್ಟಿಗೆಯೊಳಗೆ, ಎದೆಗೆ ತಂತಿ, ಮೂಗಿಗೆ ನಳಿಕೆ, ಕಾಲಿಗೆ ಕೆಂಪು ದೀಪ ಕಟ್ಟಿಸಿಕೊಂಡು ಮಲಗಿದ್ದಳು. ಸೊಸೆ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಒಬ್ಬಳೇ ಮನೆಗೆ ಬಂದಿದ್ದಳು.

ಮರುದಿನ ಬೆಳಿಗ್ಗೆ ವಿಷಯ ಹೊರಬಿತ್ತು. ಮಗ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಾ, ಹವಾಮಾನ ವರದಿ ಓದುವವನ ಧಾಟಿಯಲ್ಲಿ ಹೇಳಿದ.

"ಒಂದು ಪೇಪರ್‌ಗೆ ಸಹಿ ಹಾಕಿದೀನಿ. ಮಗು ವಿಷಯಕ್ಕೆ."

"ಯಾವ ಪೇಪರ್?" ಎಂದಳು ಸೊಸೆ.

"ಅಲ್ಲೊಂದು ಅಧ್ಯಯನ ನಡೀತಿದೆ. ಬೇಗ ಹುಟ್ಟಿದ ಮಕ್ಕಳಿಗೆ ತಂತಿ ಹಾಕಿರ್ತಾರಲ್ಲ, ಆ ಎದೆ ಬಡಿತನ ಕಂಪ್ಯೂಟರ್ ಓದಿ ಒಂದು ನಂಬರ್ ಕೊಡತ್ತಂತೆ. ಮುಂದಿನ ಒಂದು ದಿನದಲ್ಲಿ ರಕ್ತಕ್ಕೆ ಸೋಂಕು ಆಗೋ ಸಾಧ್ಯತೆ ಎಷ್ಟು ಅಂತ. ಒಂದು ಅಂದ್ರೆ ಎಲ್ಲರ ಹಾಗೆ. ಎರಡು, ಮೂರು ಅಂತ ಏರಿದ್ರೆ ಹುಷಾರಾಗಿರ್ಬೇಕು. ಮಗು ಮುಖ ಬಾಡೋಕೆ ಮುಂಚೇನೇ ಗೊತ್ತಾಗಬಹುದಂತೆ."

"ಒಳ್ಳೇದೇ ಅಲ್ವಾ," ಅಂದರು ಅತ್ತೆ.

"ಒಳ್ಳೇದೇ. ಆದ್ರೆ ಅರ್ಧ ಮಕ್ಕಳದ್ದು ಮಾತ್ರ ತೋರಿಸ್ತಾರೆ. ಇನ್ನರ್ಧದ್ದು ಯಂತ್ರ ಲೆಕ್ಕ ಹಾಕಿಟ್ಕೊಳತ್ತೆ, ಯಾರಿಗೂ ತೋರಿಸಲ್ಲ. ತೋರಿಸಿದ್ರಿಂದ ಉಪಯೋಗ ಆಯ್ತಾ ಇಲ್ವಾ ಅಂತ ಕೊನೇಲಿ ಹೋಲಿಸಿ ನೋಡ್ತಾರೆ. ಯಾರು ಯಾವ ಕಡೆ ಅನ್ನೋದು ಚೀಟಿ ಎತ್ತಿದ ಹಾಗೆ."

"ನಮ್ದು ಯಾವ ಕಡೆ?"

ಮಗನ ಬ್ರೆಡ್ಡು ಅಷ್ಟರಲ್ಲಿ ಮುರಿದು ಚಹಾದೊಳಗೆ ಬಿತ್ತು. ಅದನ್ನು ಚಮಚದಲ್ಲಿ ಹುಡುಕುತ್ತಾ, "ತೋರಿಸದೇ ಇರೋ ಕಡೆ," ಅಂದ.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಅವತ್ತು ನಿಂಗೆ ಪ್ರಜ್ಞೆನೇ ಸರಿಯಾಗಿರ್ಲಿಲ್ಲ."

"ಮರುದಿನ ಇತ್ತಲ್ಲ. ಅದರ ಮರುದಿನಾನೂ ಇತ್ತು."

ಮಗ ಚಮಚವನ್ನು ಮತ್ತೆ ಚಹಾದೊಳಗೆ ಇಳಿಸಿದ. ಮಾವ ಪೇಪರಿನಿಂದ ತಲೆ ಎತ್ತಿ, "ಏನಂತೆ?" ಎಂದರು. ಬದುಕೆಲ್ಲಾ ಬಸ್ಸು ಓಡಿಸಿದ ಮನುಷ್ಯ, ಒಂದು ಕಿವಿಯನ್ನು ಇಂಜಿನ್ನಿಗೆ ಕೊಟ್ಟುಬಿಟ್ಟಿದ್ದರು.

"ನಮ್ಮ ಕೂಸಿನ ವಿಷಯ ಎಲ್ಲಾ ಗೊತ್ತಿದ್ದೂ ಹೇಳದೇ ಇರೋ ಯಂತ್ರ ಇದೆಯಂತೆ," ಎಂದು ಅತ್ತೆ ಕೂಗಿ ಹೇಳಿದರು.

"ನಿನ್ನ ತಮ್ಮನ ಹಾಗೆ ಅನ್ನು," ಎಂದು ಮಾವ ಮತ್ತೆ ಪೇಪರಿಗೆ ಮರಳಿದರು.

ಆ ದಿನವೇ ಸೊಸೆ ಆಸ್ಪತ್ರೆಗೆ ಹೋಗಿ ಮಕ್ಕಳ ವಾರ್ಡಿನ ಡಾಕ್ಟರಮ್ಮನನ್ನು ಹಿಡಿದು ನಿಲ್ಲಿಸಿದಳು. ಡಾಕ್ಟರಮ್ಮ ಮುಖ ತಪ್ಪಿಸುವ ಪೈಕಿಯವರಲ್ಲ. ಸ್ಟೂಲು ಎಳೆದುಕೊಂಡು ಕೂತೇ ಮಾತಾಡಿದರು.

"ಈ ನಂಬರಿಂದ ಒಳ್ಳೇದೇ ಆಗತ್ತೆ ಅಂತ ಖಚಿತವಾಗಿ ಗೊತ್ತಿದ್ದಿದ್ರೆ ಎಲ್ಲರದ್ದೂ ತೋರಿಸ್ತಿದ್ದೆ. ನಂಬರ್ ಏರಿದ ಕೂಡ್ಲೇ ನಾವು ಸೂಜಿ ಚುಚ್ಚಿ ರಕ್ತ ತೆಗೀತೀವಿ, ಔಷಧಿ ಶುರು ಮಾಡ್ತೀವಿ. ಎಷ್ಟೋ ಸಲ ಸೋಂಕೇ ಇರಲ್ಲ. ಇಷ್ಟು ಸಣ್ಣ ಮೈಯಲ್ಲಿ ರಕ್ತ ಎಷ್ಟಿರತ್ತೆ ಹೇಳಿ? ಅದಕ್ಕೇ ಹೋಲಿಸಿ ನೋಡ್ಬೇಕು. ನಿಮ್ಮ ಮಗುನ ಮೊದಲಿಂದ ಹೇಗೆ ನೋಡ್ತಿದ್ವೋ ಹಾಗೇ ನೋಡ್ತೀವಿ. ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಬಿಡಬಹುದು."

"ಬಿಟ್ರೆ ನಂಬರ್ ತೋರಿಸ್ತೀರಾ?"

"ಇಲ್ಲ. ಆಗ ನಂಬರೇ ಇರಲ್ಲ."

ಸೊಸೆ ಯೋಚಿಸಿ, ಇರಲಿ ಅಂದಳು. ಇದ್ದೂ ಕಾಣದ್ದು, ಇಲ್ಲವೇ ಇಲ್ಲದ್ದಕ್ಕಿಂತ ಮೇಲು ಅನ್ನಿಸಿತು ಅವಳಿಗೆ. ಆದರೆ ಪಕ್ಕದ ಪೆಟ್ಟಿಗೆಯ ಮಗುವಿನ ಪರದೆಯ ಮೂಲೆಯಲ್ಲಿ ಹಳದಿ ಅಕ್ಷರದಲ್ಲಿ ಆ ನಂಬರ್ ಮಿನುಗುತ್ತಿತ್ತು. ಆ ಮಗುವಿನ ತಾಯಿ ದಿನಾ ಬಂದವಳೇ ಅದನ್ನು ನೋಡಿ ಉಸಿರು ಬಿಡುತ್ತಿದ್ದಳು. ಚಿಟಿಕೆಯ ಪರದೆಯಲ್ಲಿ ಅದೇ ಮೂಲೆ ಖಾಲಿ. ಕಣ್ಣು ಹೋಗುವುದು ಮಾತ್ರ ಅಲ್ಲಿಗೇ.

ದಿನಗಳು ಒಂದು ದಾರಿಗೆ ಬಿದ್ದವು. ಸೊಸೆ ಬೆಳಿಗ್ಗೆ ಹಾಲು ಹಿಂಡಿ ಪುಟ್ಟ ಬಾಟಲಿಗೆ ತುಂಬಿ, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದಳು. ಮೊಣಕೈವರೆಗೆ ಕೈ ತೊಳೆದು ಒಳಗೆ ಹೋದರೆ ಸಿಸ್ಟರ್ ಮಗುವನ್ನು ತಂತಿಗಳ ಸಮೇತ ಎತ್ತಿ ಅವಳ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು ಉಂಡು, ಮತ್ತೆ ಹಾಲು ಹಿಂಡಿ, ಮತ್ತೆ ಬಸ್ಸು. ನಡುವೆ ಸಿಕ್ಕ ಹೊತ್ತಿನಲ್ಲಿ ಹೊಲಿಗೆ ಯಂತ್ರ. ಶಾಲೆಗಳು ತೆರೆಯುವ ಸಮಯ. ಮುಂದಿನ ಕೋಣೆಯ ತುಂಬಾ ಯೂನಿಫಾರ್ಮಿನ ನೀಲಿ ಬಟ್ಟೆ ಬಿದ್ದಿತ್ತು.

ಚಿಟಿಕೆಯ ಗಾತ್ರಕ್ಕೂ ಸ್ವಭಾವಕ್ಕೂ ಸಂಬಂಧವೇ ಇರಲಿಲ್ಲ. ಡೈಪರ್ ಬದಲಿಸಿದರೆ ಜಗಳ, ಟೇಪು ಕಿತ್ತರೆ ಜಗಳ, ಕಾಲಿನ ಕೆಂಪು ದೀಪ ಸರಿಸಿದರೆ ಒದೆತ. ಒದ್ದಾಗ ದೀಪ ಜಾರಿ ಯಂತ್ರ ಕೂಗಿಕೊಳ್ಳುತ್ತಿತ್ತು. "ನಮ್ಮ ವಾರ್ಡಿಗೆಲ್ಲಾ ಇವಳೊಬ್ಬಳೇ ಜಗಳಗಂಟಿ," ಎಂದು ಸಿಸ್ಟರ್ ನಗುತ್ತಿದ್ದರು.

"ಯಾರ ಹಾಗೆ ಅಂತ ಕೇಳ್ಬೇಡಿ," ಎಂದು ಸೊಸೆ ಮನೆಯಲ್ಲಿ ಹೇಳಿದಾಗ ಅತ್ತೆ, "ಕೇಳೋದೇನು, ಗೊತ್ತಿದೆಯಲ್ಲ," ಎಂದು ಅವಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು.

ಅತ್ತೆಗೆ ಬೇಕಾದ ಮನುಷ್ಯ ಸಿಕ್ಕಿದ್ದು ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ. ನಡುವಯಸ್ಸಿನ ಸಣಕಲು ಆಸಾಮಿ, ಸೊಂಟದಲ್ಲಿ ಸ್ಕ್ರೂಡ್ರೈವರು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಮಕ್ಕಳ ವಾರ್ಡಿನ ಮಾನಿಟರುಗಳನ್ನು ರಿಪೇರಿ ಮಾಡುವವನು. ಹರಿದ ತಂತಿ ಬದಲಿಸುವುದು, ಕೆಟ್ಟ ಪರದೆ ಎತ್ತಿಕೊಂಡು ಹೋಗುವುದು ಅವನ ಕೆಲಸ.

"ಮಧ್ಯಾಹ್ನಕ್ಕೆ ಇದೇನಾ?" ಅತ್ತೆ ಬಿಸ್ಕತ್ತು ತೋರಿಸಿ ಕೇಳಿದರು.

"ಮನೆಯವರೆಲ್ಲ ದೂರ ಇದಾರಮ್ಮ. ರೂಮಲ್ಲಿ ಒಬ್ಬನೇ. ಬೇಯಿಸ್ಕೊಳಕ್ಕೆ ಬೇಜಾರು."

ಅತ್ತೆಗೆ ಇನ್ನೇನು ಬೇಕು. ಮರುದಿನ ಅವನಿಗೊಂದು ಡಬ್ಬಿ ಬಂತು: ಬಿಸಿ ಅನ್ನ, ಬೇಳೆ, ಬದಿಯಲ್ಲಿ ಹುರಿದ ಆಲೂಗಡ್ಡೆ. ಅವನು ತಿಂದ ರೀತಿ ನೋಡಿಯೇ ಅತ್ತೆಗೆ ಅರ್ಧ ಕೆಲಸ ಆಯಿತು ಅನ್ನಿಸಿತು. "ನಮ್ಮ ಚಿಟಿಕೆಗೆ ನೀನು ಮಾಮ ಆಗ್ಬೇಕು," ಎಂದು ಸಂಬಂಧವನ್ನೂ ಕಟ್ಟಿದರು. ಮನೆಯಲ್ಲಿ ಅವನ ಹೆಸರು ತಂತಿ ಮಾಮ ಎಂದಾಯಿತು. ಆಮೇಲೆ ನಂಬರಿನ ಮಾತು ತೆಗೆದರು.

"ಅದು ನನಗೂ ಕಾಣಲ್ಲಮ್ಮ," ಎಂದ ತಂತಿ ಮಾಮ.

"ಆಯ್ತು ಬಿಡು. ಊಟ ಮಾಡು."

ನೀರಿನ ಗುಮಾಸ್ತನೂ ಮೊದಲ ದಿನ ಹಾಗೇ ಅಂದಿದ್ದ. ಅತ್ತೆ ಡಬ್ಬಿ ನಿಲ್ಲಿಸಲಿಲ್ಲ. ದಿನಾ ಕೇಳುವುದನ್ನೂ ನಿಲ್ಲಿಸಲಿಲ್ಲ. ಕೊನೆಗೊಂದು ದಿನ ತಂತಿ ಮಾಮ ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದು, ಒರೆಸಿ, ಮುಚ್ಚಳ ಹಾಕಿ, ಅವರ ಕೈಗೆ ಕೊಡುವಾಗ ಮೆಲ್ಲಗೆ, "ಚೆನ್ನಾಗಿದೆ ಅಮ್ಮ. ಚಿಂತೆ ಮಾಡ್ಬೇಡಿ," ಎಂದ.

ಅತ್ತೆ ಅವತ್ತು ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದರು.

ಊಟಕ್ಕೆ ಕೂತಾಗ ವಿಷಯ ಹೇಳಿದ ರೀತಿ, ಲಾಟರಿ ಹೊಡೆದವರು ನೆರೆಯವರಿಗೆ ಕೇಳಿಸಬಾರದೆಂದು ಹೇಳುವ ಹಾಗಿತ್ತು. ಮಗನ ಮುಖ ಅರಳಿತು. ಸಹಿ ಹಾಕಿದ ದಿನದಿಂದ ಅವನು ಹೆಂಡತಿಯ ಎದುರು ಕಳ್ಳನ ಹಾಗೆ ಓಡಾಡುತ್ತಿದ್ದ. ಈಗ ಎರಡು ಸಲ ಅನ್ನ ಹಾಕಿಸಿಕೊಂಡ.

"ಆ ನಂಬರ್ ಯಾರೂ ಹೇಳೋ ಹಾಗಿಲ್ಲ ಅಲ್ವಾ," ಎಂದಳು ಸೊಸೆ.

"ಹೇಳೋ ಹಾಗಿಲ್ಲ ಅಂತ ಎಷ್ಟು ಜನ ಹೇಳಿಲ್ಲ ನನಗೆ," ಎಂದರು ಅತ್ತೆ.

ಮೊದಮೊದಲು ಸೊಸೆ ಈ ಸುದ್ದಿಯನ್ನು ಕೇಳಿಯೂ ಕೇಳದ ಹಾಗಿರುತ್ತಿದ್ದಳು. ಆಮೇಲಾಮೇಲೆ ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ, "ಇವತ್ತೇನಂದ್ರು?" ಎಂದು ತಾನೇ ಕೇಳತೊಡಗಿದಳು. ಇವತ್ತೂ ಚೆನ್ನಾಗಿದೆಯಂತೆ. ನಿನ್ನೆಯೂ ಚೆನ್ನಾಗಿತ್ತು. ಮಾತೊಂದು ಮನೆಗೆ ದಿನಾ ಬಂದರೆ ಅದಕ್ಕೂ ಒಂದು ಮಣೆ ಹಾಕಿಬಿಡುತ್ತೇವೆ. ಆ ಮನೆಯಲ್ಲೂ ಹಾಗೇ ಆಯಿತು.

ಮಾವನೊಬ್ಬರಿಗೆ ಮಾತ್ರ ಸಮಾಧಾನವಿರಲಿಲ್ಲ. "ಆ ಮನುಷ್ಯ ಒಂದಿನಾದ್ರೂ ಚೆನ್ನಾಗಿಲ್ಲ ಅಂದಿದ್ದಾನಾ?"

"ಚೆನ್ನಾಗಿದ್ರೆ ಚೆನ್ನಾಗಿಲ್ಲ ಅಂತ ಯಾಕಂತಾನೆ? ಅಪಶಕುನ ನುಡೀಬೇಡಿ."

"ನಂದೊಂದು ಬಸ್ಸಲ್ಲಿ ಡೀಸೆಲ್ ಮುಳ್ಳು ಯಾವಾಗ್ಲೂ ಫುಲ್ ತೋರಿಸ್ತಿತ್ತು," ಎಂದರು ಮಾವ. "ಊರಿಂದ ದೂರ, ನಟ್ಟ ನಡು ದಾರೀಲಿ ನಿಂತಾಗ ಗೊತ್ತಾಯ್ತು ಮುಳ್ಳು ಅಂಟ್ಕೊಂಡಿದೆ ಅಂತ. ಬಸ್ ತುಂಬಾ ಜನ. ಎಲ್ಲರೂ ನನ್ನನ್ನೇ ಬೈದ್ರು, ಮುಳ್ಳನ್ನ ಯಾರೂ ಬೈಲಿಲ್ಲ."

"ನೀವೂ ನಿಮ್ಮ ಬಸ್ಸೂ," ಎಂದು ಅತ್ತೆ ತಟ್ಟೆ ಎತ್ತಿಕೊಂಡು ಹೋದರು.

ಒಂದು ಬೆಳಿಗ್ಗೆ ಚಿಟಿಕೆ ಜಗಳ ಆಡಲಿಲ್ಲ.

ಎದೆಯ ಮೇಲೆ ಮಲಗಿಸಿದಾಗ ಮುಲುಗಲಿಲ್ಲ, ಕಾಲು ಸರಿಸಿದಾಗ ಒದೆಯಲಿಲ್ಲ, ಸುಮ್ಮನೆ ಮಲಗಿದ್ದಳು. ಯಂತ್ರ ಒಂದು ಸಲವೂ ಕೂಗಲಿಲ್ಲ. ಪರದೆಯ ಮೇಲಿನ ಹಸಿರು ಗೆರೆ ನಿಲ್ಲದೆ ಒಂದೇ ಹದದಲ್ಲಿ ಹೋಗುತ್ತಿತ್ತು. ಸೊಸೆಗೆ ಮೊದಲು ಹಾಯೆನಿಸಿತು. ಇಷ್ಟು ದಿನಕ್ಕೆ ಅಮ್ಮನ ಎದೆ ಗುರುತು ಸಿಕ್ಕಿತು ಎಂದುಕೊಂಡಳು. ಬಸ್ಸಿನಲ್ಲಿ ಬರುವಾಗ ಆ ಹಾಯೆನಿಸಿದ್ದು ಸ್ವಲ್ಪ ಸ್ವಲ್ಪವಾಗಿ ಕರಗಿತು.

ಮಧ್ಯಾಹ್ನ ಮಗನೂ ಊಟಕ್ಕೆ ಬಂದಿದ್ದ. ಸೊಸೆ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಾ ಇದ್ದಳೇ ಹೊರತು ಬಾಯಿಗಿಡಲಿಲ್ಲ.

"ಯಾಕೋ ಮಗು ಇವತ್ತು ತುಂಬಾ ಸುಮ್ಮನಿದೆ," ಅಂದಳು.

"ಅಲಾರಾಂ ಬಂತಾ?" ಎಂದು ಕೇಳಿದ ಮಗ.

"ಇಲ್ಲ. ಒಂದು ಸಲಾನೂ ಇಲ್ಲ."

"ಮತ್ತಿನ್ನೇನು. ಲಿಫ್ಟಲ್ಲೂ ಅಷ್ಟೇ, ಸದ್ದು ಮಾಡ್ತಿಲ್ಲ ಅಂದ್ರೆ ಸರಿಯಾಗಿದೆ ಅಂತ."

"ನಾನೊಂದು ಸಲ ಹೋಗಿ ಬರ್ತೀನಿ ಈಗ್ಲೇ." ಅವಳು ಏಳಲು ಹೋದಳು.

ಅತ್ತೆ ಅವಳ ಮೊಣಕೈ ಹಿಡಿದು ಕೂರಿಸಿದರು. "ಈಗಷ್ಟೇ ಬಂದೆ ಅಲ್ಲಿಂದ ನಾನು. ತಂತಿ ಮಾಮನ್ನ ಕೇಳ್ಕೊಂಡೇ ಬಂದಿದೀನಿ. ಚೆನ್ನಾಗಿದೆಯಂತೆ. ನನ್ನ ಮಾತು ಬೇಡ, ಯಂತ್ರ ಹೇಳಿದ್ದಾದ್ರೂ ನಂಬು. ನೀನು ಉಣ್ಣದೇ ಇದ್ರೆ ಅದಕ್ಕೆ ಹಾಲು ಎಲ್ಲಿಂದ ಬರತ್ತೆ?"

"ನನಗೆ ಸರಿ ಕಾಣ್ತಿಲ್ಲ ಅತ್ತೆ."

"ಮಗು ಅತ್ರೆ ಅಳತ್ತೆ ಅಂತೀಯ, ಸುಮ್ಮನಿದ್ರೆ ಸುಮ್ಮನಿದೆ ಅಂತೀಯ. ಅದೂ ಪಾಪ ಏನು ಮಾಡ್ಬೇಕು?"

ಮಗ ನಕ್ಕ. ಸೊಸೆಗೂ ನಗು ಬಂದ ಹಾಗಾಯಿತು. ಉಂಡಳು. ಉಂಡ ಮೇಲೆ, ನಾಳೆ ಕೊಡಬೇಕಾದ ಅಂಗಿಗಳಿವೆ, ಕಾಲರು ಕೂರಿಸಿಯೇ ಹೋಗೋಣ ಎಂದು ಹೊಲಿಗೆ ಯಂತ್ರದ ಮುಂದೆ ಕೂತಳು. ಒಂದಾದ ಮೇಲೊಂದು ಅಂಗಿ ಮುಗಿಯಿತು. ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲಿನ ನೀಲಿ ಬಟ್ಟೆಗೆ ಬಂದಾಗ ಅವಳು ಯಾರಿಗೂ ಹೇಳದೆ, ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಎದ್ದಳು.

ವಾರ್ಡಿನ ಬಾಗಿಲಲ್ಲೇ ಸಿಸ್ಟರ್ ಸಿಕ್ಕರು. "ಮಗು ಬೆಳಿಗ್ಗೆಯಿಂದ ಜಗಳಾನೇ ಆಡ್ತಿಲ್ಲ ಸಿಸ್ಟರ್," ಎಂದಳು ಸೊಸೆ. ಹೇಳುವಾಗ ತನ್ನ ಮಾತು ತನಗೇ ಹುಚ್ಚುತನ ಅನ್ನಿಸಿತು.

ಸಿಸ್ಟರ್ ನಗಲಿಲ್ಲ. "ನಾನೂ ಅದನ್ನೇ ಹೇಳೋಕೆ ಹೊರಟಿದ್ದೆ. ಈಗ ಟೇಪ್ ಕಿತ್ತೆ, ಅಲುಗಾಡ್ಲಿಲ್ಲ."

ಡಾಕ್ಟರಮ್ಮ ಬಂದರು. ಮಗುವಿನ ಹೊಟ್ಟೆ ಮುಟ್ಟಿದರು, ಅಂಗೈ ಒತ್ತಿ ಬಣ್ಣ ಮರಳುವುದನ್ನು ನೋಡಿದರು, ಪರದೆಯಲ್ಲಿ ಬೆಳಗಿನಿಂದ ಬಂದ ಬಡಿತದ ಗೆರೆಯನ್ನು ಹಿಂದಕ್ಕೆ ಓಡಿಸಿದರು. "ರಕ್ತ ಕಳಿಸಿ. ಔಷಧಿ ಈಗ್ಲೇ ಶುರು ಮಾಡಿ, ರಿಪೋರ್ಟಿಗೆ ಕಾಯೋದು ಬೇಡ." ಆಮೇಲೆ ಸೊಸೆಯ ಕಡೆ ತಿರುಗಿದರು. "ಆರೋಗ್ಯವಾಗಿರೋ ಮಗು ಎದೆ ಒಂದೇ ಸಮ ಬಡ್ಕೊಳಲ್ಲಮ್ಮ. ಸ್ವಲ್ಪ ಏರತ್ತೆ, ಸ್ವಲ್ಪ ಇಳಿಯತ್ತೆ, ಚೇಷ್ಟೆ ಮಾಡ್ತಿರತ್ತೆ. ಇದು ತೀರಾ ಸಮ ಆಗ್ಬಿಟ್ಟಿದೆ. ಒಳಗೆ ಏನೋ ನಡೀತಿದೆ."

ಸೂಜಿ ಹಾಕುತ್ತಿದ್ದ ಹಾಗೇ ಚಿಟಿಕೆ ಉಸಿರು ನಿಲ್ಲಿಸಿದಳು. ಯಂತ್ರ ಈಗ ಕೂಗಿತು. ಸೊಸೆಯನ್ನು ಹೊರಗೆ ಕಳಿಸಿದರು. ಗಾಜಿನ ಆಚೆ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಅವಳ ರವಿಕೆ ಹಾಲಿನಿಂದ ತೊಯ್ದುಹೋಯಿತು. ಮಗ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿಬಂದ. ಇಬ್ಬರೂ ಬೆಂಚಿನ ಮೇಲೆ ಕೂತರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ಬಹಳ ಹೊತ್ತಾದ ಮೇಲೆ ಸಿಸ್ಟರ್ ಬಂದು, ಗಂಟಲಿಗೆ ನಳಿಕೆ ಹಾಕಿ ಯಂತ್ರದಿಂದ ಉಸಿರಾಡಿಸುತ್ತಿದ್ದೇವೆ, ಮಗು ಇದೆ ಎಂದರು. ಇದೆ ಎನ್ನುವ ಆ ಒಂದು ಪದವನ್ನು ಹಿಡಿದುಕೊಂಡೇ ಅವರು ಮನೆಗೆ ಹೋದರು.

ರಕ್ತದಲ್ಲಿ ಸೋಂಕು ಇತ್ತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಯಾರಿಗೂ ಏನೂ ಅನ್ನಲಿಲ್ಲ. ಸೊಸೆ ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದಳು. ಬಡಿಸಿದ್ದನ್ನು ತಿನ್ನುತ್ತಿದ್ದಳು, ಬೇಡ ಅನ್ನುತ್ತಿರಲಿಲ್ಲ, ಬೇಕು ಅನ್ನುತ್ತಿರಲಿಲ್ಲ. ಅವಳು ಕೂಗಾಡಿದ್ದರೆ ಅತ್ತೆ ತಿರುಗಿ ಎರಡು ಮಾತು ಆಡಿ ಹಗುರಾಗುತ್ತಿದ್ದರು. ಅದಕ್ಕೂ ದಾರಿ ಇರಲಿಲ್ಲ. ಮಗ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವುದನ್ನೇ ಬಿಟ್ಟ.

ಮಾವ ಒಂದು ಮಧ್ಯಾಹ್ನ ತಟ್ಟೆ ಮುಂದಿಟ್ಟುಕೊಂಡು ಇಬ್ಬರ ಮುಖವನ್ನೂ ನೋಡಿದರು. "ನನ್ನ ಕಿವಿ ಪೂರ್ತಿ ಹೋಯ್ತಾ, ಇಲ್ಲ ಈ ಮನೇಲಿ ಯಾರೂ ಮಾತಾಡ್ತಿಲ್ವಾ?"

ಅತ್ತೆ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದರು.

"ಯಾರಾದ್ರೂ ಜಗಳ ಆಡ್ರಮ್ಮ. ಡಾಕ್ಟರಮ್ಮ ಏನಂದ್ರು? ಏರಿಳಿತ ಇಲ್ದಿದ್ರೆ ಒಳಗೆ ಏನೋ ನಡೀತಿದೆ ಅಂತ ತಾನೇ?"

ಅತ್ತೆ ಎದ್ದು ಕೈ ತೊಳೆದರು. ತಂತಿ ಮಾಮನ ಡಬ್ಬಿ ಆ ದಿನಗಳಲ್ಲಿ ನಿಂತುಹೋಗಿತ್ತು. ಅವತ್ತು ಖಾಲಿ ಕೈಯಲ್ಲೇ ಆಸ್ಪತ್ರೆಯ ಹಿಂದಿನ ಮೆಟ್ಟಿಲಿಗೆ ಹೋದರು. ಅವನು ಬಿಸ್ಕತ್ತು ಹಿಡಿದು ಕೂತಿದ್ದ. ಇವರನ್ನು ಕಂಡು ಎದ್ದು ನಿಂತ.

"ಅವತ್ತು ಚೆನ್ನಾಗಿದೆ ಅಂದ್ಯಲ್ಲ. ಏನು ನೋಡಿ ಅಂದೆ?"

ಅವನು ಪೊಟ್ಟಣ ಮಡಚಿ ಜೇಬಿಗಿಟ್ಟ. "ಏನೂ ನೋಡಿಲ್ಲಮ್ಮ. ಮೊದಲ ದಿನಾನೇ ಹೇಳಿದ್ನಲ್ಲ, ನನಗೆ ಕಾಣಲ್ಲ. ಯಾವತ್ತೂ ಕಂಡಿಲ್ಲ."

"ಮತ್ತೆ ಯಾಕಂದೆ?"

"ನೀವು ದಿನಾ ಕೇಳ್ತಿದ್ರಿ. ಗೊತ್ತಿಲ್ಲ ಅಂದ್ರೆ ನಿಮ್ಮ ಮುಖ ಸಣ್ಣದಾಗ್ತಿತ್ತು. ಒಂದಿನ ಚೆನ್ನಾಗಿದೆ ಅಂದ್ಬಿಟ್ಟೆ. ಎಷ್ಟು ಖುಷಿಯಾಯ್ತು ನಿಮಗೆ. ಆಮೇಲೆ ಹೇಗೆ ನಿಲ್ಲಿಸೋದು ಗೊತ್ತಾಗ್ಲಿಲ್ಲ." ಅವನು ಮೆಟ್ಟಿಲ ಮೇಲೆ ಬಿದ್ದ ಬಿಸ್ಕತ್ತಿನ ಪುಡಿಯನ್ನು ಕಾಲಿನಿಂದ ಸರಿಸಿದ. "ನಿಮ್ಮ ಅನ್ನ ತಿಂತಿದ್ನಲ್ಲಮ್ಮ. ಬರೀ ಕೈಲಿ ಕಳಿಸೋದು ಹೇಗೆ ಅಂತ."

ಅತ್ತೆಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲು ಎತ್ತಬೇಕಾದ ಕೈಯೇ ದಿನಾ ಡಬ್ಬಿ ತಂದದ್ದು. ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಬಂದರು.

ಮನೆಯಲ್ಲಿ ಅವರು ಇದನ್ನು ಮುಚ್ಚಿಡಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಸಂಜೆ ಎಲ್ಲರೂ ಕೂತಾಗ ಬಡಿಸುವ ಸೌಟು ಕೆಳಗಿಟ್ಟು ಹೇಳಿಯೇಬಿಟ್ಟರು. "ಅವನಿಗೆ ಏನೂ ಗೊತ್ತಿರ್ಲಿಲ್ಲವಂತೆ. ನಾನು ಕೇಳಿ ಕೇಳಿ ಅವನ ಬಾಯಲ್ಲಿ ಹಾಗೆ ಅನ್ನಿಸ್ದೆ. ನನ್ನ ಅಡಿಗೆ ರುಚಿಗೆ ನಾನೇ ಬಿದ್ದೆ."

ಸೊಸೆ ತಲೆ ಎತ್ತಿದಳು. "ಏಳೋಕೆ ಹೋದವಳ ಕೈ ಹಿಡಿದು ಕೂರಿಸಿದ್ರಿ ನೀವು."

"ಕೂರಿಸ್ದೆ."

"ಸರಿ ಕಾಣ್ತಿಲ್ಲ ಅಂತ ಬಾಯಿ ಬಿಟ್ಟು ಹೇಳ್ದೆ ನಾನು. ಇವರು ಲಿಫ್ಟು ಅಂದ್ರು. ನೀವು ಯಂತ್ರ ಅಂದ್ರಿ. ಹೆತ್ತವಳ ಮಾತಿಗೆ ಈ ಮನೇಲಿ ಒಂದು ಬಿಸ್ಕತ್ತಿನ ಬೆಲೆ ಇಲ್ಲ. ಪೇಪರ್‌ಗೆ ಸಹಿ ಹಾಕೋವಾಗ್ಲೂ ಇಲ್ಲ, ತಟ್ಟೆ ಮುಂದೆ ಕೂತಾಗ್ಲೂ ಇಲ್ಲ."

"ನಿಂಗೆ ಅಷ್ಟು ಗೊತ್ತಿದ್ರೆ ಕೈ ಕಿತ್ಕೊಂಡು ಹೋಗ್ಬೇಕಿತ್ತು," ಎಂದರು ಅತ್ತೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡರು.

"ಹೌದು, ಹೋಗ್ಬೇಕಿತ್ತು." ಸೊಸೆಯ ಕಣ್ಣಿನಿಂದ ನೀರು ಇಳಿದು ಅನ್ನಕ್ಕೆ ಬಿತ್ತು. "ಹೋಗ್ಲಿಲ್ಲ. ಕಾಲರ್ ಹೊಲಿತಾ ಕೂತೆ. ಅದಕ್ಕೇ ತಾನೇ ನಿಮ್ಮನ್ನ ಬೈಯೋಕೂ ಆಗ್ತಿಲ್ಲ ನನಗೆ."

ಆ ಸಂಜೆ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಬೈದರು. ಮಗನ ಸಹಿಯಿಂದ ಹಿಡಿದು ಮದುವೆಯ ವರ್ಷ ಕಳೆದುಹೋದ ಕತ್ತರಿಯವರೆಗೆ ಯಾವುದೂ ಉಳಿಯಲಿಲ್ಲ. ಮಾವ ಎರಡನೇ ಸಲ ಅನ್ನ ಹಾಕಿಕೊಂಡು ನೆಮ್ಮದಿಯಾಗಿ ಉಂಡರು. ಮರುದಿನ ಡಬ್ಬಿ ಕಟ್ಟುವಾಗ ಅತ್ತೆ ತಂತಿ ಮಾಮನದ್ದನ್ನೂ ಕಟ್ಟಿದರು. ಅವನ ಕೈಗೆ ಕೊಟ್ಟು, "ಹಸಿದವನಿಗೆ ಅಂತ ಕೊಡ್ತಿದೀನಿ. ಇನ್ಮೇಲೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು, ನನ್ನ ಮುಖ ಸಣ್ಣದಾದ್ರೆ ಆಗ್ಲಿ," ಎಂದರು. ಅವನು ಡಬ್ಬಿ ಹಿಡಿದು ತಲೆ ತಗ್ಗಿಸಿ ನಿಂತ.

ಚಿಟಿಕೆ ಗೆದ್ದಳು. ನಿಧಾನವಾಗಿ, ಅವಳದೇ ಹಟದಲ್ಲಿ. ಗಂಟಲ ನಳಿಕೆ ಹೋಯಿತು, ಮೂಗಿನದು ಬಂತು, ಆಮೇಲೆ ಅದೂ ಹೋಯಿತು. ಒಂದು ದಿನ ಡೈಪರ್ ಬದಲಿಸುವಾಗ ಕಿರುಚಿ ಇಡೀ ವಾರ್ಡನ್ನು ಎಬ್ಬಿಸಿದಳು. ಸಿಸ್ಟರ್ ಓಡಿ ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಂದರು, ಬರೀ ಕೇಳಿಸಲು. ಮುಂದೆ ಕಿವಿ, ಕಣ್ಣು, ನಡಿಗೆ ಎಲ್ಲವನ್ನೂ ಆಗಾಗ ಪರೀಕ್ಷಿಸುತ್ತಿರಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದಕ್ಕೆ ಸೊಸೆಗೆ ಅವರ ಮೇಲೆ ಗೌರವ ಹೆಚ್ಚಿತು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. "ನಿಮ್ಮ ಮಗು ಮಟ್ಟಿಗೆ ಅಧ್ಯಯನ ಮುಗೀತು. ಬೇಕಾದ್ರೆ ಆ ನಂಬರ್ ಈಗ ನೋಡಬಹುದು. ಎಲ್ಲರೂ ಕೇಳಲ್ಲ. ನೀವೂ ಕೇಳಲೇಬೇಕು ಅಂತಿಲ್ಲ."

"ಯಾಕೆ ಈಗ ಅದೆಲ್ಲ," ಎಂದ ಮಗ, ಮಗುವನ್ನು ಎರಡು ಕೈಯಲ್ಲಿ ಹಿಡಿದು ಅಲುಗಾಡಲೂ ಹೆದರುತ್ತಾ.

"ನೀವು ಹೊರಗಿರಿ. ನಾನು ನೋಡ್ತೀನಿ," ಎಂದಳು ಸೊಸೆ. ಈ ಸಲ ಅವಳು ಅವನನ್ನು ಕೇಳಲಿಲ್ಲ.

ಮನೆಯಲ್ಲಿ ಅತ್ತೆ ಮುಂದಿನ ಕೋಣೆಯನ್ನು ಮೂರು ಸಲ ಗುಡಿಸಿದ್ದರು. ಮಗುವನ್ನು ಮಲಗಿಸಿದ್ದಾಯಿತು, ಮಾವ ಕಾವಲಿಗೆ ಕೂತದ್ದಾಯಿತು. ಮಗ ಔಷಧಿ ತರಲು ಹೋದ. ಸೊಸೆ ಹಿಂದಿನ ಕೋಣೆಗೆ ಬಂದಾಗ ಅತ್ತೆ ಡಬ್ಬಿಗಳನ್ನು ಸಾಲಾಗಿಟ್ಟುಕೊಂಡು ಅನ್ನ ತುಂಬುತ್ತಿದ್ದರು. ತಿರುಗಲಿಲ್ಲ.

"ನೋಡಿದ್ಯಂತೆ."

"ನೋಡ್ದೆ."

"ಆ ಮಧ್ಯಾಹ್ನ ಎಷ್ಟಿತ್ತು? ನಾನು ನಿನ್ನ ಕೂರಿಸಿದಾಗ."

ಸೊಸೆ ಅವರ ಬೆನ್ನನ್ನು ನೋಡಿದಳು. ಸೌಟು ಹಿಡಿದ ಕೈ ಅನ್ನದ ಮೇಲೆ ನಿಂತುಬಿಟ್ಟಿತ್ತು. ಅತ್ತೆ ಈಗ ತಿರುಗಿದರು. ಆ ವಯಸ್ಸಾದ ಮುಖ ಆಗಲೇ ಸಣ್ಣದಾಗಿತ್ತು.

"ಚೆನ್ನಾಗೇ ಇತ್ತು ಅತ್ತೆ," ಎಂದಳು ಸೊಸೆ. "ಸಂಜೆ ಮೇಲೆ ಏರಿದ್ದು."

ಅತ್ತೆ ಅವಳ ಮುಖ ನೋಡಿದರು. ಆಮೇಲೆ ಸಾಲಿನ ಕೊನೆಯಲ್ಲಿದ್ದ ತಂತಿ ಮಾಮನ ಡಬ್ಬಿಯ ಪಕ್ಕಕ್ಕೆ ಇನ್ನೊಂದು ಖಾಲಿ ಡಬ್ಬಿ ಎಳೆದುಕೊಂಡು ಅನ್ನ ಹಾಕಿದರು.

"ಇದ್ಯಾರಿಗೆ?" ಎಂದಳು ಸೊಸೆ.

"ನಿಂಗೆ. ನೀನೂ ಈಗ ಅವನ ಜಾತಿಗೇ ಸೇರಿದ್ಯಲ್ಲ."

ಸೊಸೆ ಬಾಗಿಲ ಚೌಕಟ್ಟಿಗೆ ಒರಗಿದಳು.

"ಹಿಂದಿನ ದಿನದ ಸಂಜೆಯಿಂದ್ಲೇ ಏರ್ತಿತ್ತು ಅತ್ತೆ. ಬೆಳಿಗ್ಗೆ ಅಷ್ಟೊತ್ತಿಗೆ ಮೂರು ದಾಟಿತ್ತು. ನೀವು ನನ್ನ ಕೂರಿಸಿದಾಗ ಐದರ ಹತ್ತಿರ." ಅವಳು ಉಸಿರು ತೆಗೆದುಕೊಂಡಳು. "ನನ್ನ ಎದೆ ಮೇಲೆ ಮಲಗಿತ್ತಲ್ಲ, ಆಗ್ಲೂ ಏರ್ತಾನೇ ಇತ್ತು. ನಾನು ಹಾಯಾಗಿದೆ ಅಂದ್ಕೊಂಡು ತಟ್ಟುತ್ತಾ ಕೂತಿದ್ದೆ."

ಅತ್ತೆ ಸೌಟು ಇಟ್ಟು ನೆಲದ ಮೇಲೆ ಕೂತರು. ಸೊಸೆಯೂ ಬಂದು ಪಕ್ಕದಲ್ಲಿ ಕೂತಳು. ಅನ್ನದ ಹಬೆ ಏರುತ್ತಿತ್ತು. ಅತ್ತೆ ಅವಳ ಮೊಣಕೈಯನ್ನು, ಅವತ್ತು ಹಿಡಿದ ಅದೇ ಮೊಣಕೈಯನ್ನು ಹಿಡಿದುಕೊಂಡು ಸದ್ದಿಲ್ಲದೆ ಅತ್ತರು. ಸೊಸೆ ಬಿಡಿಸಿಕೊಳ್ಳಲಿಲ್ಲ.

ಮುಂದಿನ ಕೋಣೆಯಲ್ಲಿ ಮಗು ಒಮ್ಮೆಲೇ ಕಿರುಚಿತು. "ನಾನು ಮುಟ್ಟೇ ಇಲ್ಲ," ಎಂದು ಮಾವ ಕೂಗಿದರು.

ಅತ್ತೆ ಕೈ ಬಿಟ್ಟು ಅವಳ ಬೆನ್ನು ದೂಡಿದರು.

"ಏಳು, ಹೋಗು. ಜಗಳ ಆಡ್ತಿದಾಳೆ ನೋಡು."